ಸೋರಿಂಗ್ ಸ್ಪರ್ಧೆಯಲ್ಲಿ ಕಣ್ಮರೆಯಾದ ಗ್ಲೈಡರ್ ಹುಡುಕುವುದು ಹೇಗೆ?

ಕೊಪ್ಪಳದ ಹತ್ತಿರ ಸ್ಪರ್ಧೆಯಲ್ಲಿ ರೇಡಿಯೋದಿಂದ ಹಾರಿಸುವ ನಿಮ್ಮ 2 ಮೀಟರ್ ರೆಕ್ಕೆಯ ಮಾದರಿ ಗ್ಲೈಡರ್ ಥರ್ಮಲ್ (ಮೇಲೇಳುವ ಬಿಸಿಗಾಳಿ) ಹಿಡಿದು ಮೇಲೇರಿ, ಚುಕ್ಕಿಯಾಗಿ ಮಾಯವಾಯಿತು, ಕತ್ತಲಾಗುವವರೆಗೆ ಹುಡುಕಿದರೂ ಸಿಗಲಿಲ್ಲ, ಆಸೆ ಬಿಡಬೇಕೇ ಎಂದು ಕೇಳಿದ್ದೀರಿ. ಬಿಡಬೇಡಿ. ನನ್ನ ಅನುಮಾನ, ನೀವು ತೀರಾ ಹತ್ತಿರದಲ್ಲಿ ಹುಡುಕಿದ್ದೀರಿ.

ಲೆಕ್ಕ ಹಾಕಿ ನೋಡಿ. 300 ಮೀಟರ್ ಎತ್ತರದಿಂದ ಸೆಕೆಂಡಿಗೆ ಅರ್ಧ ಮೀಟರಿನಂತೆ ಸುತ್ತುತ್ತ ಇಳಿದರೆ ನೆಲ ಮುಟ್ಟಲು 10 ನಿಮಿಷ ಬೇಕು. ಗಾಳಿ ಸೆಕೆಂಡಿಗೆ 4 ಮೀಟರ್ ಇದ್ದರೆ ಅಷ್ಟರಲ್ಲಿ ಅದು 2.4 ಕಿ.ಮೀ. ತೇಲಿರುತ್ತದೆ. ಸಿಗ್ನಲ್ ತಪ್ಪಿದಾಗ ರೆಕ್ಕೆಯ ಗಾಳಿ ಬ್ರೇಕ್ ಪೂರ್ತಿ ತೆರೆದು ಸ್ವಲ್ಪ ತಿರುವಿನಲ್ಲಿ ಇಳಿಯುವಂತೆ ಫೇಲ್‌ಸೇಫ್ ಇಟ್ಟಿದ್ದರೆ, ಸೆಕೆಂಡಿಗೆ 4 ಮೀಟರ್ ಇಳಿದು, ತಪ್ಪಿದ ಜಾಗದಿಂದ ಸುಮಾರು 300 ಮೀಟರಿನಲ್ಲೇ ಬಿದ್ದಿರುತ್ತದೆ. ಫೇಲ್‌ಸೇಫ್ ಇಡದೆ ಬಿಟ್ಟಿದ್ದರೆ ಮೊದಲ ಲೆಕ್ಕವನ್ನೇ ನಂಬಿ.

ಮತ್ತೆ ನೀವು ನಿಂತಿದ್ದ ಜಾಗದಲ್ಲೇ ಹೋಗಿ ನಿಲ್ಲಿ. ಕೊನೆಯ ಸಲ ಕಂಡದ್ದು ಯಾವ ಬೇವಿನ ಮರ, ಯಾವ ಗುಡ್ಡದ ಮೇಲೆ? ಆ ದಿಕ್ಕನ್ನು ಫೋನಿನ ದಿಕ್ಸೂಚಿಯಲ್ಲಿ ಡಿಗ್ರಿಯಾಗಿ ಬರೆದುಕೊಳ್ಳಿ. ದೂರದಲ್ಲಿ ನಿಂತು ನೋಡಿದ ಇನ್ನೊಬ್ಬರಿಂದಲೂ ಹೀಗೇ ಬರೆಸಿ. ಎರಡು ಗೆರೆ ಕೂಡುವ ಜಾಗದಿಂದ ಗಾಳಿ ಬೀಸಿದ ದಿಕ್ಕಿಗೆ ಮೇಲಿನ ಲೆಕ್ಕದಷ್ಟು ದೂರ ಇನ್ನೊಂದು ಗೆರೆ ಎಳೆಯಿರಿ, ಹುಡುಕಬೇಕಾದ್ದು ಅದರುದ್ದಕ್ಕೂ. 5 ಡಿಗ್ರಿ ತಪ್ಪಿದರೆ 1 ಕಿ.ಮೀ. ದೂರದಲ್ಲಿ 87 ಮೀಟರ್ ತಪ್ಪುತ್ತದೆ, ಆದ್ದರಿಂದ ಅಂದಾಜಿಗೆ ಕೈ ತೋರಿಸಿದರೆ ಸಾಲದು. ಬೈಕಿನಲ್ಲಿ ಆ ಗಾಳಿಗೆರೆಯ ಆಚೆ ತುದಿಗೆ ಹೋಗಿ, ಅಲ್ಲಿಂದ ಗಾಳಿಗೆ ಎದುರಾಗಿ ಹುಡುಕುತ್ತ ಬನ್ನಿ. ಆಳೆತ್ತರದ ಜೋಳ, ತೊಗರಿಯಲ್ಲಿ ಸಾಲಿಗೊಬ್ಬರಂತೆ ಹೋಗದೆ ಬೇರೆ ದಾರಿಯಿಲ್ಲ, ಹೊಲದವರನ್ನು ಕೇಳಿಯೇ ಇಳಿಯಿರಿ. ಅರಳಿದ ಹತ್ತಿ ಹೊಲದಲ್ಲಿ ಬಿಳಿ ರೆಕ್ಕೆ ಹತ್ತು ಹೆಜ್ಜೆಗೂ ಕಾಣುವುದಿಲ್ಲ.

ರೇಡಿಯೋ ಉಪಯೋಗಕ್ಕೆ ಬರುವುದು ಬಿದ್ದ ದಿನವೇ. 1000 ಎಂಎಎಚ್ ಬ್ಯಾಟರಿ, ಸುಮ್ಮನಿದ್ದಾಗ 150 ಮಿಲಿಆಂಪ್ ಎಳೆತ ಎಂದರೆ ಆರು ಗಂಟೆ ಚಿಲ್ಲರೆ. ಟೆಲಿಮೆಟ್ರಿ (ಗ್ಲೈಡರಿನಿಂದ ನಿಮ್ಮ ಕೈಯ ಟ್ರಾನ್ಸ್‌ಮಿಟರಿಗೆ ಮರಳಿ ಬರುವ ಮಾಹಿತಿ) ಇದ್ದರೆ ಟ್ರಾನ್ಸ್‌ಮಿಟರನ್ನು ಎದೆಗೆ ಒತ್ತಿ ಹಿಡಿದು, ನಿಂತಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಿ. 2.4 ಗಿಗಾಹರ್ಟ್ಸ್ ಅಲೆಯನ್ನು ಮೈ ತಡೆಯುತ್ತದೆ. ಆರ್‌ಎಸ್‌ಎಸ್‌ಐ (ಸಿಗ್ನಲ್ ಬಲ) ಅಂಕಿ ಎಲ್ಲಿ ತೀರಾ ಕುಸಿಯುತ್ತದೋ ಆಗ ಗ್ಲೈಡರ್ ನಿಮ್ಮ ಬೆನ್ನ ಹಿಂದಿದೆ. ಬೆಳೆಯೊಳಗೆ ಬಿದ್ದ ರಿಸೀವರ್ ಸಿಗ್ನಲ್ ಬಹಳ ದೂರ ಬರುವುದಿಲ್ಲ, ಬಂಡೆಯನ್ನೋ ಏರಿಯನ್ನೋ ಹತ್ತಿ ನೋಡಿ. ಹತ್ತಿರ ಬಂದಾಗ ಎಲಿವೇಟರ್ (ಬಾಲದ ಅಲುಗುವ ಪಟ್ಟಿ) ಅಲ್ಲಾಡಿಸಿ, ಅದನ್ನು ತಿರುಗಿಸುವ ಪುಟ್ಟ ಯಂತ್ರವಾದ ಸರ್ವೋ ಸದ್ದಿಗೆ ಕಿವಿಗೊಡಿ. ಮೋಟರ್ ಇದ್ದರೆ ಥ್ರಾಟಲ್ ಮುಟ್ಟಲೇಬೇಡಿ, ಪ್ರೊಪೆಲ್ಲರ್ ಸಿಕ್ಕಿಕೊಂಡಿದ್ದರೆ ಸ್ಪೀಡ್ ಕಂಟ್ರೋಲರ್ ಸುಟ್ಟು ಒಣಮೇವಿಗೆ ಬೆಂಕಿ ಹತ್ತಬಹುದು.

ಈಗ ನಿಮಗೆ ಉಳಿದಿರುವುದು ಜನ. ಕುರಿಗಾಹಿಗಳು ದಿನವಿಡೀ ಅಲ್ಲೇ ತಿರುಗುತ್ತಾರೆ, ಫೋಟೋ ತೋರಿಸಿ, ಚಹಾ ಅಂಗಡಿಯಲ್ಲಿ ನಂಬರ್ ಬಿಡಿ. ಕೊಪ್ಪಳ, ಗಂಗಾವತಿಯ ಬಂಡೆಗುಡ್ಡಗಳಲ್ಲಿ ಕರಡಿ, ಚಿರತೆ ಇವೆ. ಹೊತ್ತು ಮುಳುಗಿದ ಮೇಲೆ ಯಾವ ಗ್ಲೈಡರಿಗಾಗಿಯೂ ಅತ್ತ ಹೋಗಬೇಡಿ.

ಸಿಕ್ಕ ಕೂಡಲೇ ಮೊದಲು ಬ್ಯಾಟರಿ ಕನೆಕ್ಟರ್ ಬಿಚ್ಚಿ. ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಉಬ್ಬಿದ್ದರೆ ಮನೆಯೊಳಗೆ ಒಯ್ಯದೆ ಮರಳು ತುಂಬಿದ ಡಬ್ಬಿಯಲ್ಲಿ ಹೊರಗಿಡಿ. ಮುಂದಿನ ಸಲಕ್ಕೆ ಸ್ವಂತ ಸೆಲ್ ಇರುವ ಬಜರ್ ಕೂರಿಸಿ, ರೆಕ್ಕೆಯ ಕೆಳಗೆ ಕಪ್ಪು, ಮೇಲೆ ಕೇಸರಿ ಬಣ್ಣ ಹಚ್ಚಿ. ಒಂದು ಚೀಟಿಯನ್ನೂ ಅಂಟಿಸಿ, ಕನ್ನಡದಲ್ಲಿ: "ಆಟದ ವಿಮಾನ, ಅಪಾಯವಿಲ್ಲ, ಸಿಕ್ಕರೆ ಫೋನ್ ಮಾಡಿ."