ಮೇಕಪ್‌ನ ಬದಲಾವಣೆ ಹೆಣ್ಣುಮಕ್ಕಳ ಸ್ಥಾನಮಾನದ ಬದಲಾವಣೆಯನ್ನು ತೋರಿಸುತ್ತದೆಯೇ?

ಅಲಂಕಾರದ ರೀತಿ ಬದಲಾಗುವುದು ಹೆಣ್ಣುಮಕ್ಕಳ ಬದುಕು ಬದಲಾಗುವುದರಿಂದಲೋ, ಕಂಪನಿಗಳ ಜಾಹೀರಾತಿನಿಂದಲೋ ಎಂದು ನೀವು ಕೇಳಿದ್ದೀರಿ. ಎರಡರ ಪಾಲೂ ಇದೆ. ಆದರೆ ದಾವಣಗೆರೆಯ ನಮ್ಮ ಮನೆಯಲ್ಲಿ ಮೂರು ತಲೆಮಾರಿನ ಹೆಂಗಸರನ್ನು ಕಂಡಿರುವ ನಾನು ಮೊದಲನೆಯದಕ್ಕೇ ಹೆಚ್ಚು ತೂಕ ಕೊಡುತ್ತೇನೆ.

ಅಜ್ಜಿ ಹರಳೆಣ್ಣೆ ದೀಪದ ಮೇಲೆ ತಟ್ಟೆ ಬೋರಲು ಹಾಕಿ, ಕಟ್ಟಿದ ಮಸಿಯನ್ನು ತುಪ್ಪದಲ್ಲಿ ಕಲಸಿ ಕಾಡಿಗೆ ಮಾಡುತ್ತಿದ್ದರು; ಹಣೆಗೆ ಮೇಣ ಸವರಿ ಕಾಸಿನಗಲ ಕುಂಕುಮ ಇಡುತ್ತಿದ್ದರು. ಅಜ್ಜ ತೀರಿಕೊಂಡ ಮೇಲೆ ಆ ಕುಂಕುಮದ ಭರಣಿ ಗೋಡೆಯ ಗೂಡಿನಲ್ಲಿ ಮತ್ತೆ ಕಾಣಲಿಲ್ಲ. ಗಂಡನಿರುವವರೆಗೆ ಕಡ್ಡಾಯವಾಗಿದ್ದದ್ದು ಅವನು ಹೋದ ಕೂಡಲೇ ನಿಷಿದ್ಧವಾಗುವಾಗ, ಅದು ಆಕೆಯ ಸ್ವಂತ ಅಲಂಕಾರವಾಗಿತ್ತೆಂದು ನನಗೆ ಹೇಳಲಾಗದು.

ಅಮ್ಮ ಶಾಲಾ ಶಿಕ್ಷಕಿ. ಬೆಳಿಗ್ಗೆ ಬುತ್ತಿ ಕಟ್ಟಿ ಬಸ್ಸು ಹಿಡಿಯಬೇಕಾದವರಿಗೆ ಮೇಣ ಸವರಿ ಕುಂಕುಮ ತೀಡುವಷ್ಟು ವ್ಯವಧಾನವಿರಲಿಲ್ಲ; ಬೆವರಿಗೆ ಹರಡದ ಸ್ಟಿಕ್ಕರ್ ಬೊಟ್ಟು ಅವರ ದುಡಿಮೆಗೆ ಒಗ್ಗಿತು. ತಿರುಗಿಸಿದರೆ ಮೇಲೇಳುವ ಲಿಪ್‌ಸ್ಟಿಕ್ ಕೊಳವೆಗೆ 1923ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ದೊರೆತದ್ದೂ ಇದೇ ಬಗೆಯ ಕಥೆ: ಹೆಂಗಸರು ಮನೆಯಾಚೆ ಹೆಚ್ಚು ಕಾಣಿಸಿಕೊಳ್ಳುತ್ತಿದ್ದ ಕಾಲದಲ್ಲಿ ಬಣ್ಣವೂ ಕೈಚೀಲ ಸೇರಿತು. ಅಪ್ಪ ಹೋದ ಮೇಲೂ ಅಮ್ಮ ಬೊಟ್ಟು ತೆಗೆಯಲಿಲ್ಲ. ತಮ್ಮ ಸಂಬಳದಲ್ಲಿ ಮನೆ ನಡೆಸುತ್ತಿದ್ದವರನ್ನು ಪ್ರಶ್ನಿಸುವ ಧೈರ್ಯ ಬಂಧುಗಳಿಗೂ ಬರಲಿಲ್ಲ.

ಜಾಹೀರಾತಿನ ಬಗ್ಗೆ ನಿಮಗಿರುವ ಅನುಮಾನವೂ ನ್ಯಾಯವಾದದ್ದೇ. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿಯ ಜಾಹೀರಾತುಗಳಲ್ಲಿ ಬೆಳ್ಳಗಾದ ಹುಡುಗಿಗೆ ವರ ಸಿಗುತ್ತಿದ್ದ, ಮುಂದೆ ಉದ್ಯೋಗವೂ ಸಿಗತೊಡಗಿತು. ಹೆಣ್ಣು ನೌಕರಿಗೆ ಹೊರಟಿದ್ದಾಳೆಂಬುದನ್ನು ಅವರು ಗುರುತಿಸಿದರು, ಆದರೆ ಬಿಳಿಯಾಗಬೇಕೆಂಬ ಷರತ್ತನ್ನು ಮಾತ್ರ ಸಡಿಲಿಸಲಿಲ್ಲ. ಹೆಸರಿನಿಂದ 'ಫೇರ್' ಕಳಚಿದ್ದು 2020ರಲ್ಲಿ.

ನನ್ನ ತಂಗಿ ವಿದ್ಯಾನಗರದಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಮದುಮಗಳ ಮೇಕಪ್ಪೇ ಅವಳ ಮುಖ್ಯ ಆದಾಯ, ಇಬ್ಬರು ಹುಡುಗಿಯರಿಗೆ ಅಲ್ಲಿ ಕೆಲಸವೂ ಸಿಕ್ಕಿದೆ. ಮೊದಲೆಲ್ಲ ಮದುಮಗಳು ಸುಮ್ಮನೆ ಕುಳಿತಿರುತ್ತಿದ್ದಳು, ಹೇಗಿರಬೇಕೆಂದು ಜೊತೆಗೆ ಬಂದ ಹಿರಿಯರೇ ಹೇಳುತ್ತಿದ್ದರು ಎನ್ನುತ್ತಾಳೆ. ಈಗಲೂ ಹಿಂದಿನಿಂದ "ಇನ್ನೊಂದಿಷ್ಟು ಬೆಳ್ಳಗೆ ಮಾಡ್ರಿ" ಎಂಬ ಮಾತು ಬರುತ್ತದೆ. ಆದರೆ ಕುರ್ಚಿಯಲ್ಲಿ ಕುಳಿತವಳೇ ಕನ್ನಡಿ ನೋಡುತ್ತ, "ಬೇಡ ಅಕ್ಕ, ನನ್ನ ಬಣ್ಣಕ್ಕೆ ಹೊಂದುವುದನ್ನೇ ಹಚ್ಚಿ" ಎನ್ನುವುದನ್ನು ನಾನೇ ಕೇಳಿದ್ದೇನೆ. ತಂಗಿ ಹಚ್ಚುವುದು ಅವಳು ಹೇಳಿದ್ದನ್ನೇ.