ತಂಗಿ ಮದುವೆಗೆ ವಜ್ರದ ಉಂಗುರ ಕೊಡಬೇಕು. ಕಲಬುರಗಿಯಲ್ಲಿ ಕೊಳ್ಳುವಾಗ ಏನು ನೋಡಬೇಕು?

ಮೊದಲು ಕಟ್, ಅಂದರೆ ಕಲ್ಲನ್ನು ಕತ್ತರಿಸಿ ಮುಖಗಳನ್ನು ಮಾಡಿರುವ ರೀತಿ, ನೋಡಿ. ಹೊಳಪು ಬರುವುದೇ ಅದರಿಂದ. ಕಟ್ ಸರಿಯಿಲ್ಲದಿದ್ದರೆ ಬೆಳಕು ಕೆಳಗಿನಿಂದ ಸೋರಿಹೋಗುತ್ತದೆ, ದೊಡ್ಡ ಕಲ್ಲೂ ಮಂಕಾಗಿ ಕಾಣುತ್ತದೆ. ಸರಾಫ್ ಬಜಾರಿನ ಅಂಗಡಿ ದೀಪದ ಕೆಳಗೆ ಎಲ್ಲವೂ ಮಿಂಚುತ್ತವೆ, ಅದನ್ನು ನಂಬಬೇಡಿ. ಉಂಗುರವನ್ನು ಬಾಗಿಲ ಹತ್ತಿರ ನೆರಳಿಗೆ ತಂದು, ನಿಧಾನವಾಗಿ ತಿರುಗಿಸಿ ನೋಡಿ.

ಬಣ್ಣಕ್ಕೆ ಡಿ ಇಂದ ಝಡ್‌ವರೆಗೆ ದರ್ಜೆ ಇದೆ, ಡಿ ಅಂದರೆ ಬಣ್ಣವೇ ಇಲ್ಲದ್ದು. ಹಳದಿ ಚಿನ್ನದಲ್ಲಿ ಕೂರಿಸುವುದಾದರೆ ಎಚ್ ಸಾಕು, ಸುಮ್ನೆ ಜಾಸ್ತಿ ದುಡ್ಡು ಯಾಕೆ? ಒಳಗಿನ ಕಲೆಗಳಿಗೆ ವಿಎಸ್ (ತೀರಾ ಸಣ್ಣ ಕಲೆಗಳಿರುವ) ದರ್ಜೆ ಧಾರಾಳ ಆಯ್ತು, ಅವು ಬರಿಗಣ್ಣಿಗೆ ಕಾಣುವುದಿಲ್ಲ.

ತೂಕದಲ್ಲಿ 1 ಕ್ಯಾರಟ್ ಅಂದರೆ 200 ಮಿಲಿಗ್ರಾಂ, ಅದೇ 100 ಸೆಂಟ್. ಒಂದೇ 30 ಸೆಂಟಿನ ಕಲ್ಲು, ಸಣ್ಣ ಕಲ್ಲುಗಳು ಸೇರಿ ಆದ 30 ಸೆಂಟಿಗಿಂತ ತುಂಬಾ ದುಬಾರಿ. ಬಿಲ್ಲಿನಲ್ಲಿ ಯಾವುದೆಂದು ಬರೆಸಿ.

ಹಾಲ್‌ಮಾರ್ಕ್ ಇದೆಯಲ್ವಾ ಎಂದು ಸುಮ್ಮನಾಗಬೇಡಿ. ಅದು ಚಿನ್ನಕ್ಕೆ ಮಾತ್ರ. ಕಲ್ಲಿಗೆ ಜಿಐಎ ಅಥವಾ ಐಜಿಐ ಎಂಬ ವಜ್ರ ಪರೀಕ್ಷಿಸುವ ಸಂಸ್ಥೆಯ ಸರ್ಟಿಫಿಕೇಟ್ ಕೇಳಿ. ಎಷ್ಟೋ ಕಲ್ಲುಗಳ ಅಂಚಿನಲ್ಲಿ ಸರ್ಟಿಫಿಕೇಟ್ ನಂಬರ್ ಲೇಸರ್‌ನಿಂದ ಕೆತ್ತಿರುತ್ತದೆ, ಲೂಪ್ (ಚಿಕ್ಕ ಭೂತಗನ್ನಡಿ) ಹಿಡಿದು ತಾಳೆ ನೋಡಿ. ಲ್ಯಾಬ್‌ನಲ್ಲಿ ಬೆಳೆಸಿದ ವಜ್ರವಾದರೆ ಸರ್ಟಿಫಿಕೇಟ್‌ನಲ್ಲೇ ಬರೆದಿರುತ್ತದೆ. ಅದೂ ನಿಜವಾದ ವಜ್ರವೇ, ಆದರೆ ಬೆಲೆ ಬಹಳ ಕಡಿಮೆ ಇರಬೇಕು.