1,150 ಡಾಲರ್ ಎಸ್ಟಿಮೇಟಿಗೆ ಸಹಿ ಹಾಕುವ ಮುಂಚೆ

ತಂಗಿ, ನಿಮ್ಮ ಪ್ರಶ್ನೆಯನ್ನು ನಿನ್ನೆ ರಾತ್ರಿಯೇ ಓದಿದೆ. ಅರಿಜೋನಾದ ಚಾಂಡ್ಲರ್‌ಗೆ ಬಂದು ಮೂರು ತಿಂಗಳಾಗಿದೆ, ಬಾಡಿಗೆ ಮನೆ, ವಾಸ್ತು ನೋಡಿ ಉತ್ತರ ಮುಖದ್ದನ್ನೇ ಹಿಡಿದಿದ್ದೀರಿ. ಜೂನ್ ಶುರುವಾದಾಗಿನಿಂದ ಗ್ಯಾರೇಜಿನ ಬಾಗಿಲು ಬೆಳಿಗ್ಗೆ ಸರಿಯಾಗಿ ಏರುತ್ತೆ, ಇಳಿಯುತ್ತೆ. ಸಂಜೆ ಯಜಮಾನರು ಕೆಲಸದಿಂದ ಬಂದ ಮೇಲೆ ಮಾತ್ರ ಒಂದಿಷ್ಟು ಇಳಿದು ಮತ್ತೆ ಮೇಲೆ ಹೋಗಿಬಿಡುತ್ತೆ, ಲೈಟು ಮಿಟುಕುತ್ತೆ. ನೋಡಲು ಬಂದ ಮೆಕ್ಯಾನಿಕ್ "ಈ ಶಾಖಕ್ಕೆ ಮೋಟಾರ್ ಸುಟ್ಟಿದೆ, ಓಪನರೂ ಸ್ಪ್ರಿಂಗೂ ಎರಡೂ ಹೊಸದು ಹಾಕಬೇಕು" ಅಂತ 1,150 ಡಾಲರ್ ಬರೆದುಕೊಟ್ಟು ಹೋಗಿದ್ದಾನೆ. (ಓಪನರ್ ಅಂದರೆ ಬಾಗಿಲನ್ನು ಏರಿಸಿ ಇಳಿಸುವ, ಸೂರಿಗೆ ತೂಗುಹಾಕಿದ ಮೋಟಾರಿನ ಪೆಟ್ಟಿಗೆ.) ಸಹಿ ಹಾಕಲಾ ಅಂತ ಕೇಳಿದ್ದೀರಿ.

ಹಾಕಬೇಡಿ. ಸುಟ್ಟ ಮೋಟಾರು ಬೆಳಿಗ್ಗೆ ಬಾಗಿಲು ಎತ್ತುವುದಿಲ್ಲ. ಸ್ಪ್ರಿಂಗ್ ಮುರಿದಿದ್ದರೆ ಬೆಳಿಗ್ಗೆಯೂ ಏಳುವುದಿಲ್ಲ, ಸಂಜೆಯೂ ಏಳುವುದಿಲ್ಲ. ಹೊತ್ತು ನೋಡಿಕೊಂಡು ಕೆಡುವ ಬಾಗಿಲಿಗೆ ಕಾರಣವನ್ನೂ ಆ ಹೊತ್ತಿನಲ್ಲೇ ಹುಡುಕಬೇಕು.

ಬಾಗಿಲಿನ ಎರಡೂ ಪಕ್ಕ, ನೆಲದಿಂದ ಆರು ಇಂಚು ಎತ್ತರದಲ್ಲಿ, ಬೆಂಕಿಪೊಟ್ಟಣದಷ್ಟು ಗಾತ್ರದ ಎರಡು ಸೆನ್ಸರ್ ಎದುರುಬದುರು ಇರುತ್ತವೆ. ಒಂದು ಕಣ್ಣಿಗೆ ಕಾಣದ ಕಿರಣ ಬಿಡುತ್ತೆ, ಇನ್ನೊಂದು ಅದನ್ನು ಹಿಡಿಯುತ್ತೆ. ನಡುವೆ ಮಗುವೋ ಸೈಕಲ್ಲೋ ಬಂದು ಕಿರಣ ಕಡಿದರೆ ಬಾಗಿಲು ವಾಪಸು ಏರುತ್ತೆ. ಹಿಂದೆ ಇಂಥ ಬಾಗಿಲುಗಳ ಕೆಳಗೆ ಸಿಕ್ಕಿ ಮಕ್ಕಳು ಸತ್ತಿದ್ದರಿಂದ, 1993ರ ಜನವರಿಯಿಂದ ತಯಾರಾಗುವ ಮನೆಬಳಕೆಯ ಓಪನರ್‌ಗಳಿಗೆ ಈ ರಕ್ಷಣೆ ಅಮೆರಿಕದಲ್ಲಿ ಕಡ್ಡಾಯವಾಯಿತು.

ಈಗ ನಿಮ್ಮ ಉತ್ತರದ ಬಾಗಿಲಿಗೆ ಬನ್ನಿ. ಜೂನ್‌ನಲ್ಲಿ ಇಲ್ಲಿ ಸೂರ್ಯ ನೇರ ಪಶ್ಚಿಮದಲ್ಲಿ ಮುಳುಗುವುದಿಲ್ಲ, ವಾಯವ್ಯದ ಕಡೆ ಸಾಕಷ್ಟು ಸರಿದು ಮುಳುಗುತ್ತಾನೆ. ಸಂಜೆ ಆರೂವರೆ ಹೊತ್ತಿಗೆ ಬಿಸಿಲು ಓರೆಯಾಗಿ ಬಾಗಿಲೊಳಗೆ ನುಗ್ಗಿ, ಪೂರ್ವದ ಪಕ್ಕದಲ್ಲಿರುವ ಸೆನ್ಸರಿನ ಮುಖಕ್ಕೇ ಹೊಡೆಯುತ್ತೆ. ಕಿರಣ ಹಿಡಿಯುವ ಸೆನ್ಸರ್ ಆ ಪಕ್ಕದಲ್ಲಿದ್ದರೆ ಅದಕ್ಕೆ ಕಣ್ಣು ಕೋರೈಸಿದ ಹಾಗೆ. ಎದುರಿನ ಕಿರಣ ಗೊತ್ತಾಗುವುದಿಲ್ಲ, ಏನೋ ಅಡ್ಡ ಬಂದಿದೆ ಅಂತ ತಿಳಿದು ಬಾಗಿಲನ್ನು ತಡೆಯುತ್ತೆ.

ನಿಮ್ಮ ಓಪನರ್ ಲಿಫ್ಟ್‌ಮಾಸ್ಟರ್ ಕಂಪನಿಯದು ಅಂತ ಬರೆದಿದ್ದೀರಿ. ಅದರಲ್ಲಿ ಕಿರಣ ಬಿಡುವ ಸೆನ್ಸರಿಗೆ ಹಳದಿ ದೀಪ, ಹಿಡಿಯುವುದಕ್ಕೆ ಹಸಿರು ದೀಪ. ಸಂಜೆ ಬಾಗಿಲು ತೆಗೆದಿಟ್ಟು ಹಸಿರು ದೀಪ ನೋಡಿ. ಅದು ಆರಿದ್ದರೆ ಅಥವಾ ನಡುಗುತ್ತಿದ್ದರೆ, ಒಂದು ರಟ್ಟಿನ ತುಂಡು ಹಿಡಿದು ಸೆನ್ಸರಿಗೆ ನೆರಳು ಮಾಡಿ, ನಡುವಿನ ಕಿರಣಕ್ಕೆ ಮಾತ್ರ ಅಡ್ಡ ಬರಬೇಡಿ. ದೀಪ ಗಟ್ಟಿಯಾಗಿ ಉರಿದರೆ ರೋಗ ಸಿಕ್ಕಿದ ಹಾಗೆ. ಟಿಶ್ಯೂ ಸುರುಳಿಯ ಒಳಗಿರುವ ರಟ್ಟಿನ ಕೊಳವೆಯನ್ನು ಎರಡು ಇಂಚು ಕತ್ತರಿಸಿ ಸೆನ್ಸರಿನ ಮೂತಿಗೆ ಟೇಪಿನಿಂದ ಅಂಟಿಸಿದರೆ ಎಷ್ಟೋ ಮನೆಗಳಲ್ಲಿ ಅಷ್ಟೇ ಸಾಕಾಗುತ್ತೆ. ಆಗದಿದ್ದರೆ ಎರಡನ್ನೂ ಅದಲುಬದಲು ಮಾಡಿಸಿ, ಹಸಿರಿನದು ಪಶ್ಚಿಮದ ಪಕ್ಕಕ್ಕೆ ಹೋಗಲಿ. ಗಾಜಿನ ಮೇಲೆ ಧೂಳಿದ್ದರೆ ಮೆತ್ತಗಿನ ಬಟ್ಟೆಯಲ್ಲಿ ಒರೆಸಿ. ಮಾನ್ಸೂನ್ ಬಂತೆಂದರೆ ಹಬೂಬ್ ಎನ್ನುವ ಧೂಳಿನ ಗೋಡೆ ಊರಿಗೆ ಊರನ್ನೇ ಮುಚ್ಚುತ್ತೆ, ಆಮೇಲೆ ಒರೆಸುವುದನ್ನು ಮರೆಯಬೇಡಿ. ಸೆನ್ಸರೇ ಕೆಟ್ಟಿದ್ದರೂ ಜೋಡಿಗೆ ಅಂಗಡಿಯಲ್ಲಿ 30ರಿಂದ 60 ಡಾಲರ್.

ಅಲ್ಲಿಯವರೆಗೆ ಸಂಜೆ ಬಾಗಿಲು ಮುಚ್ಚಲು ಗೋಡೆಯ ಗುಂಡಿಯನ್ನು ಒತ್ತಿ, ಪೂರ್ತಿ ಇಳಿಯುವ ತನಕ ಬಿಡದೆ ಹಿಡಿಯಿರಿ. ಹೀಗೆ ಮುಚ್ಚುವಾಗ ಸೆನ್ಸರಿನ ಕಾವಲು ಇರುವುದಿಲ್ಲ, ಅದಕ್ಕೇ ಮಗು ಎಲ್ಲಿದೆ ಅಂತ ನೋಡಿಕೊಂಡೇ ಒತ್ತಿ. ಎರಡೂ ಸೆನ್ಸರನ್ನು ಬಿಚ್ಚಿ ಎದುರುಬದುರು ಕಟ್ಟಿ ಮೇಲೆ ಸಿಕ್ಕಿಸುತ್ತೇನೆ ಅಂತ ಯಾರಾದರೂ ಹೇಳಿದರೆ ಮಾತ್ರ ಖಂಡಿತ ಒಪ್ಪಬೇಡಿ. ಆಗ ಬಾಗಿಲ ಕೆಳಗೆ ಯಾರೇ ಬಂದರೂ ಕಿರಣ ಕಡಿಯುವುದಿಲ್ಲ, ನಿಮ್ಮ ಮನೆಯಲ್ಲಿ ಓಡಾಡುವ ಕೂಸಿದೆ.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 2011ರ ಜುಲೈನಲ್ಲಿ ನಮ್ಮನೆಯವರು ಊರಿಗೆ ಹೋಗಿದ್ದರು. ಮಧ್ಯಾಹ್ನ ಮಗನನ್ನು ಕರೆತರಲು ಹೊರಟರೆ ಮೋಟಾರು ಗುರ್ ಅಂತ ತಿರುಗುತ್ತಿದೆ, ಬಾಗಿಲು ಅಲುಗುತ್ತಿಲ್ಲ. ಗ್ಯಾರೇಜೊಳಗೆ ಉಸಿರಾಡಲಾಗದ ಕಾವು. ಗಾಬರಿಯಲ್ಲಿ ಮೊದಲು ಸಿಕ್ಕ ನಂಬರಿಗೆ ಫೋನ್ ಮಾಡಿ, ಬಂದವನು ಹೇಳಿದ್ದಕ್ಕೆಲ್ಲ ಹೂಂ ಅಂದು ಹೊಸ ಓಪನರಿಗೆ 680 ಡಾಲರ್ ಕೊಟ್ಟೆ. ಅವನು ಬಿಚ್ಚಿ ಕೆಳಗಿಟ್ಟ ಹಳೆ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಒಳಗೆಲ್ಲ ಕೊಬ್ಬರಿ ತುರಿ ಉದುರಿದ ಹಾಗೆ ಬಿಳಿ ಪ್ಲಾಸ್ಟಿಕ್ ಚೂರು, ಗ್ರೀಸಿಗೆ ಮೆತ್ತಿಕೊಂಡಿತ್ತು. ಅದೇನು ಅಂತ ಎಷ್ಟೋ ತಿಂಗಳ ಮೇಲೆ ತಿಳಿಯಿತು. ಮೋಟಾರಿನ ತಿರುಗಾಟವನ್ನು ಚೈನಿಗೆ ಕೊಡುವ ಹಲ್ಲಿನ ಚಕ್ರ ಪ್ಲಾಸ್ಟಿಕ್ಕಿನದು, ಅದು ಸವೆದಿತ್ತು. ಗೇರ್ ಕಿಟ್ಟಿಗೆ 25 ಡಾಲರ್ ಸುಮಾರು, ಕೂಲಿ ಸೇರಿ 150ರಿಂದ 200ಕ್ಕೆ ಮುಗಿಯುತ್ತಿತ್ತು. ಆ ಹಣಕ್ಕಿಂತ, ಕೇಳಬೇಕಾದ್ದನ್ನು ಕೇಳದೆ ಕೊಟ್ಟೆನಲ್ಲ ಅನ್ನುವುದು ಇವತ್ತಿಗೂ ಚುಚ್ಚುತ್ತೆ.

ಹಾಗಂತ ಶಾಖದಿಂದ ಏನೂ ಕೆಡುವುದಿಲ್ಲ ಅಂತಲ್ಲ. 2023ರಲ್ಲಿ ಪಕ್ಕದ ಫೀನಿಕ್ಸ್‌ನಲ್ಲಿ ಸತತ 31 ದಿನ ಹಗಲಿನ ಬಿಸಿಲು 110 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ್ದನ್ನು ಕಂಡಿದ್ದೇವೆ, ನಮ್ಮ ಲೆಕ್ಕದಲ್ಲಿ 43 ಡಿಗ್ರಿ. ರಾಯಚೂರಿನವರಿಗೆ ಆ ಅಂಕಿ ಹೊಸದಲ್ಲ. ಆದರೆ ಮುಚ್ಚಿದ ಗ್ಯಾರೇಜು ಒಲೆಯಂತೆ, ಓಪನರನ್ನು ತೂಗುಹಾಕಿರುವುದು ಬಿಸಿಗಾಳಿ ಸೇರುವ ಸೂರಿನಲ್ಲಿ. ಅಲ್ಲಿ ಮೊದಲು ಸೋಲುವುದು ಹೆಚ್ಚಾಗಿ ಕೆಪಾಸಿಟರ್, ಮೋಟಾರು ತಿರುಗಲು ಶುರುವಿನ ನೂಕು ಕೊಡುವ ಸಣ್ಣ ಡಬ್ಬಿ. ಎಸಿ (ಆಲ್ಟರ್ನೇಟಿಂಗ್ ಕರೆಂಟ್) ಮೋಟಾರಿರುವ ಓಪನರಿನಲ್ಲಿ ಅದು ಸತ್ತರೆ ಗುಂಡಿ ಒತ್ತಿದಾಗ ಗುಂಯ್ ಅನ್ನುತ್ತೆ, ತಿರುಗುವುದಿಲ್ಲ. ಭಾಗ 25 ಡಾಲರ್ ಒಳಗೆ ಸಿಗುತ್ತೆ, ಆದರೆ ಕರೆಂಟ್ ಹಿಡಿದಿಟ್ಟುಕೊಂಡಿರುವ ವಸ್ತು, ಕೈ ಹಾಕಬೇಡಿ. ಮಕ್ಕಳು ಐದಾರು ಸಲ ಮೇಲೆ ಕೆಳಗೆ ಆಡಿಸಿದರೆ ಮೋಟಾರು ಕಾದು ತಾನೇ ನಿಂತುಬಿಡುವುದೂ ಉಂಟು. ಅರ್ಧ ಗಂಟೆ ಬಿಟ್ಟರೆ ಸರಿಹೋಗುತ್ತೆ. ಮಾನ್ಸೂನಿನ ಸಿಡಿಲಿಗೆ ಓಪನರಿನ ಸರ್ಕ್ಯೂಟ್ ಬೋರ್ಡ್ ಹೋಗದಂತೆ ಸೂರಿನ ಪ್ಲಗ್ಗಿಗೊಂದು ಸರ್ಜ್ ಪ್ರೊಟೆಕ್ಟರ್, ಅಂದರೆ ಕರೆಂಟ್ ದಿಢೀರ್ ಏರಿದರೆ ತಡೆಯುವ ಸಾಧನ, ಹಾಕಿಸಿ.

ಸ್ಪ್ರಿಂಗಿನ ವಿಷಯ ಬೇರೆ. ನಮ್ಮೂರ ಅಂಗಡಿಯ ರೋಲಿಂಗ್ ಶಟರ್ ನೆನಪಿಸಿಕೊಳ್ಳಿ. ಮೇಲಿನ ಸುರುಳಿಯಲ್ಲಿ ಸ್ಪ್ರಿಂಗ್ ಗಟ್ಟಿಯಿದ್ದರೆ ಒಬ್ಬನೇ ಹುಡುಗ ಎತ್ತುತ್ತಾನೆ, ಸಡಿಲವಾದರೆ ಇಬ್ಬರು ಬೇಕು. ಇಲ್ಲೂ ಅದೇ. ಬಾಗಿಲಿನ ಭಾರ ಹೊರುವುದು ಸ್ಪ್ರಿಂಗು, ಮೋಟಾರು ಬರೀ ಎಳೆಯುತ್ತೆ. ಸಾಮಾನ್ಯ ಸ್ಪ್ರಿಂಗಿನ ಬಾಳಿಕೆಯನ್ನು 10,000 ಸಲ ಏರಿಳಿತ ಅಂತ ಎಣಿಸುತ್ತಾರೆ. ದಿನಕ್ಕೆ ಆರು ಸಲ ತೆಗೆದು ಮುಚ್ಚಿದರೆ ನಾಲ್ಕೂವರೆ ವರ್ಷ. ಮುರಿದಾಗ ಪಟಾಕಿ ಸಿಡಿದಂಥ ಸದ್ದು ಬರುತ್ತೆ, ಬಾಗಿಲ ಮೇಲಿನ ಸುರುಳಿಯಲ್ಲಿ ಎರಡು ಇಂಚಿನ ಬಿರುಕು ಕಣ್ಣಿಗೇ ಕಾಣುತ್ತೆ. ನಿಮ್ಮದರಲ್ಲಿ ಬಿರುಕಿಲ್ಲ ಅಂತಿದ್ದೀರಿ. ಖಾತ್ರಿಗೆ ಬಾಗಿಲು ಪೂರ್ತಿ ಮುಚ್ಚಿದ್ದಾಗ ಮಾತ್ರ ಓಪನರಿನ ಕೆಂಪು ಹಗ್ಗ ಎಳೆದು ಕೈಯಲ್ಲಿ ಎತ್ತಿ ನೋಡಿ. ಹಗುರವಾಗಿ ಎದ್ದು ಸೊಂಟದೆತ್ತರದಲ್ಲಿ ನಿಂತರೆ ಸ್ಪ್ರಿಂಗ್ ಚೆನ್ನಾಗಿದೆ. ಬಾಗಿಲು ಮೇಲಿದ್ದಾಗ ಆ ಹಗ್ಗ ಎಳೆಯಬೇಡಿ, ಸ್ಪ್ರಿಂಗ್ ದುರ್ಬಲವಾಗಿದ್ದರೆ ಇಡೀ ಬಾಗಿಲು ಬೀಳುತ್ತೆ. ಸ್ಪ್ರಿಂಗ್ ಬಿಗಿಮಾಡುವ ಕೆಲಸ ಮನೆಯವರದ್ದಲ್ಲವೇ ಅಲ್ಲ, ಕೈ ಮುರಿದುಕೊಂಡವರಿದ್ದಾರೆ. ನಿಜವಾಗಿ ಬೇಕಾದಾಗ ಜೋಡಿಗೆ 250ರಿಂದ 400 ಡಾಲರ್ ಕೊಡುವುದು ನ್ಯಾಯವಾದ ಹಣ. ಹೊಸ ಓಪನರು ಹಾಕಿಸಿದರೆ 450ರಿಂದ 650. ಬಂದು ನೋಡಿದ್ದಕ್ಕೇ 75ರಿಂದ 100 ತೆಗೆದುಕೊಳ್ಳುತ್ತಾರೆ, ಕೆಲಸ ಮಾಡಿಸಿದರೆ ಬಿಲ್ಲಿನಲ್ಲಿ ಕಳೆಯುತ್ತೀರಾ ಅಂತ ಫೋನಿನಲ್ಲೇ ಕೇಳಿ.

ಇನ್ನೊಂದು ಮಾತು. ಮನೆ ಬಾಡಿಗೆಯದು, ಬಾಗಿಲು ಓನರದ್ದು. ನೀವು ಸಹಿ ಹಾಕಿದರೆ ಬಿಲ್ಲು ನಿಮ್ಮದಾಗುತ್ತೆ. ಅಗ್ರಿಮೆಂಟ್ ಓದಿ, ಇವತ್ತೇ ಓನರಿಗೆ ಫೋಟೊ ಸಮೇತ ಬರೆಯಿರಿ, ಬರೀ ಫೋನ್ ಸಾಲದು. ಅರಿಜೋನಾ ಕಾನೂನಿನ 33-1363ನೇ ಸೆಕ್ಷನ್ ಪ್ರಕಾರ, ಓನರ್ ಮಾಡಿಸಬೇಕಾದ ಸಣ್ಣ ರಿಪೇರಿಗೆ ನೀವೇ ಮಾಡಿಸುತ್ತೇನೆ ಅಂತ ಬರಹದಲ್ಲಿ ತಿಳಿಸಿ ಹತ್ತು ದಿನ ಕಾದರೂ ಮಾಡಿಸದಿದ್ದರೆ, ಲೈಸೆನ್ಸ್ ಇರುವ ಕಾಂಟ್ರಾಕ್ಟರಿಂದ ಮಾಡಿಸಿ ಬಾಡಿಗೆಯಲ್ಲಿ ಕಳೆಯಬಹುದು. 300 ಡಾಲರ್ ಅಥವಾ ಅರ್ಧ ತಿಂಗಳ ಬಾಡಿಗೆ, ಯಾವುದು ಹೆಚ್ಚೋ ಅಲ್ಲಿಯವರೆಗೆ. ಬಿಲ್ಲು ವಿವರವಾಗಿರಬೇಕು, ಹಣ ಸಂದಿದೆ, ಮನೆಯ ಮೇಲೆ ಹಕ್ಕು ಹೂಡುವುದಿಲ್ಲ ಅಂತ ಕಾಂಟ್ರಾಕ್ಟರ್ ಬರೆದುಕೊಡುವ ಕಾಗದವೂ ಬೇಕು. ಇಲ್ಲಿ 1,000 ಡಾಲರ್ ಒಳಗಿನ ಸಣ್ಣ ಕೆಲಸಕ್ಕೆ ಲೈಸೆನ್ಸ್ ಬೇಕಿಲ್ಲ, ನಿಮಗೆ ಕೊಟ್ಟಿರುವ ಎಸ್ಟಿಮೇಟ್ ಅದಕ್ಕಿಂತ ಮೇಲಿನದು. ಅದರಲ್ಲಿ ಲೈಸೆನ್ಸ್ ನಂಬರ್ ಇದೆಯಾ ನೋಡಿ. ಇದ್ದರೆ ಆ ಲೈಸೆನ್ಸ್ ಕೊಡುವ ಅರಿಜೋನಾದ ಕಚೇರಿ, ರಿಜಿಸ್ಟ್ರಾರ್ ಆಫ್ ಕಾಂಟ್ರಾಕ್ಟರ್ಸ್ ವೆಬ್‌ಸೈಟಿನಲ್ಲಿ ಹಾಕಿ ಪರೀಕ್ಷಿಸಿ.

ಇವತ್ತು ಸಂಜೆ ಆರೂವರೆಗೆ ರಟ್ಟು ಹಿಡಿದು ನಿಂತು ನೋಡಿ, ತಂಗಿ. ಹಸಿರು ದೀಪ ಏನು ಮಾಡಿತು ಅಂತ ನನಗೆ ಬರೆಯಿರಿ. ಅದು ಉರಿಯುತ್ತಿದ್ದೂ ಬಾಗಿಲು ಇಳಿಯದಿದ್ದರೆ ಶನಿವಾರ ಸಂಜೆ ಅದೇ ಹೊತ್ತಿಗೆ ನಾನೂ ನಮ್ಮನೆಯವರೂ ಬಂದು ನೋಡುತ್ತೇವೆ.